ಏರಿಯಾ ನಿಮ್ಮದೇ, ಆದರೆ ಎಷ್ಟು?

ಫ್ರಾಂಚೈಸಿ, ಅಂದರೆ ಒಂದು ಕಂಪನಿಯ ಬ್ರಾಂಡಿನಲ್ಲಿ ಮಳಿಗೆ ನಡೆಸೋ ಹಕ್ಕು, ತಗೊಳ್ಳುವಾಗ ಎಲ್ಲರೂ ರಾಯಲ್ಟಿ (ಮಾರಾಟದಲ್ಲಿ ಕಂಪನಿಗೆ ಕೊಡೋ ಪಾಲು) ಶೇಕಡ ಐದೋ ಆರೋ ಅಂತ ಎಳೆದಾಡ್ತಾರೆ. ಏರಿಯಾ, ಅಂದರೆ ನಿಮ್ಮೊಬ್ಬರಿಗೇ ಬಿಟ್ಟ ಪ್ರದೇಶದ ವಿಷಯ ಬಂದರೆ ಮಾತ್ರ "ಎಕ್ಸ್‌ಕ್ಲೂಸಿವ್ ಅಂತ ಬರೆದಿದೆಯಲ್ಲ ಸಾರ್" ಅಂದು ಸಹಿ ಹಾಕಿಬಿಡ್ತಾರೆ. ನನ್ನ ತಕರಾರು ಇರೋದು ಅಲ್ಲೇ. ನಿಮಗೆ ಕೊಟ್ಟದ್ದರ ಪುಟ ಆಮೇಲೆ ನೋಡಿ, ಕಂಪನಿ ತನಗೇ ಉಳಿಸಿಕೊಂಡ ಹಕ್ಕುಗಳ ಪುಟ ಮೊದಲು ಓದಿ.

'ಎರಡು ಕಿಲೋಮೀಟರ್ ಒಳಗೆ ಇನ್ನೊಂದು ಮಳಿಗೆ ಕೊಡುವುದಿಲ್ಲ' ಅಂತ ಒಂದು ಷರತ್ತು ಇದೆ ಅಂದುಕೊಳ್ಳಿ. ಅಳೆಯೋದು ಹೇಗೆ? ರಸ್ತೆ ಲೆಕ್ಕವೋ, ನೇರ ಗೆರೆಯೋ? ನಡುವೆ ರೈಲ್ವೆ ಹಳಿ ಇದ್ದರೆ ನೇರ ಗೆರೆಯ ಒಂದೂವರೆ ಕಿಲೋಮೀಟರ್ ರಸ್ತೆಯಲ್ಲಿ ಮೂರಾಗುತ್ತೆ. ರಸ್ತೆ ಲೆಕ್ಕ ಅಂತ ಬರೆದಿದ್ದರೆ ಹಳಿಯಾಚೆ ಇನ್ನೊಬ್ಬನಿಗೆ ಮಳಿಗೆ ಕೊಡಬಹುದು. ಅದಕ್ಕೇ ನಕ್ಷೆ ಲಗತ್ತಿಸಿ, ಗಡಿಯ ರಸ್ತೆಗಳ ಹೆಸರು ಬರೆದು, ಇಬ್ಬರೂ ಅದರ ಮೇಲೇ ಸಹಿ ಹಾಕಬೇಕು.

ಮುಂದಿನ ಪ್ರಶ್ನೆ: 'ಮಳಿಗೆ' ಅಂದರೆ ಏನೇನು? ಮಾಲ್‌ನ ಕಿಯೋಸ್ಕ್, ರೈಲ್ವೆ ಸ್ಟೇಷನ್ ಕೌಂಟರ್, ಕ್ಲೌಡ್ ಕಿಚನ್ (ಡೆಲಿವರಿಗಷ್ಟೇ ಅಡುಗೆ ಮಾಡೋ ಜಾಗ), ಸೂಪರ್‌ಮಾರ್ಕೆಟ್‌ನಲ್ಲಿ ಅದೇ ಬ್ರಾಂಡಿನ ಪ್ಯಾಕೆಟ್ಟು, ಕಂಪನಿಯ ವೆಬ್‌ಸೈಟ್? ಇವು ಆ ಉಳಿಸಿಕೊಂಡ ಹಕ್ಕುಗಳ ಪುಟದಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ಪಕ್ಕದ ಏರಿಯಾದ ಫ್ರಾಂಚೈಸಿ ಸ್ವಿಗ್ಗಿ, ಝೊಮ್ಯಾಟೊ ಮೂಲಕ ನಿಮ್ಮ ಬೀದಿಗೇ ಡೆಲಿವರಿ ಕೊಟ್ಟರೆ, ಕಂಪನಿ ಏನು ಹೇಳುತ್ತೆ? "ಮಳಿಗೆ ಕೊಡಲ್ಲ ಅಂದಿದ್ದೆವು, ಆರ್ಡರ್ ಬರಲ್ಲ ಅಂದಿಲ್ಲ." ಹಾಗಾಗಿ ಡೆಲಿವರಿ ಗಡಿಗೆ ಪಿನ್‌ಕೋಡ್ ಪಟ್ಟಿ ಬೇರೆ ಹಾಕಿಸಿ. ಆನ್‌ಲೈನ್ ಮಾರಾಟದಲ್ಲಿ ನಿಮ್ಮ ಪಾಲೆಷ್ಟು ಅಂತಲೂ ಬರೆಸಿ.

ಟಾರ್ಗೆಟ್ ಇನ್ನೊಂದು ಬಲೆ. ಎರಡು ತ್ರೈಮಾಸಿಕ ಗುರಿ ತಪ್ಪಿದರೆ ಏರಿಯಾ ಹಕ್ಕು ಹೋಯಿತು ಅಂತಿದ್ದರೆ, ಸರಿಪಡಿಸಿಕೊಳ್ಳಲು 90 ದಿನ ಕೇಳಿ. ಮಾಲು ಕಳಿಸದೆ ಕಂಪನಿಯೇ ತಡಮಾಡಿದ ದಿನಗಳನ್ನು ಲೆಕ್ಕದಿಂದ ತೆಗೆಸಿ.

ಇನ್ನು ಕಾನೂನು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಮು ವ್ಯಾಪಾರಕ್ಕೆ ಅಡ್ಡಿಮಾಡುವ ಕರಾರು ಅಸಿಂಧು ಅನ್ನುತ್ತೆ. ಅದನ್ನು ಓದಿ ಖುಷಿಪಡೋರಿಗೆ ಗುಜರಾತ್ ಬಾಟ್ಲಿಂಗ್ ಪ್ರಕರಣ ಹೇಳಲೇಬೇಕು. 1993ರಲ್ಲಿ ಕೋಕಾ-ಕೋಲಾ ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ ಬ್ರಾಂಡುಗಳನ್ನು ಕೊಂಡಿತು. ಆ ಪಾನೀಯಗಳನ್ನು ತುಂಬಿಸುತ್ತಿದ್ದ ಗುಜರಾತಿನ ಕಂಪನಿ, ಒಪ್ಪಂದದ ಅವಧಿಯಲ್ಲಿ ಬೇರೆಯವರ ಪಾನೀಯ ಮುಟ್ಟುವುದಿಲ್ಲ ಅಂತ ಒಪ್ಪಿಕೊಂಡಿತ್ತು. ಆಮೇಲೆ ಅದರ ಷೇರು ಸೇರಿದ್ದು ಯಾರಿಗೆ? ಪೆಪ್ಸಿ ಪಾಳಯಕ್ಕೆ! ಸುಪ್ರೀಂ ಕೋರ್ಟ್ 1995ರಲ್ಲಿ, ಅವಧಿಯೊಳಗಿನ ಇಂಥ ನಿರ್ಬಂಧಕ್ಕೆ 27ನೇ ಕಲಮು ಅಡ್ಡಬರುವುದಿಲ್ಲ ಅಂದಿತು. ಅಂದರೆ ನಿಮ್ಮ ಕೈ ಕಟ್ಟೋ ಷರತ್ತು ನಿಲ್ಲುತ್ತೆ. ಕಂಪನಿಯ ಕೈ ಕಟ್ಟೋ ಷರತ್ತನ್ನು ನೀವೇ ಬರೆಸಬೇಕು, ಅದೂ ಮೊದಲು ಹೇಳಿದ ಆ ಉಳಿಸಿಕೊಂಡ ಹಕ್ಕುಗಳ ಪುಟದಲ್ಲೇ. ಅವಧಿ ಮುಗಿದ ಮೇಲೂ ಪೈಪೋಟಿ ಮಾಡಬಾರದು ಅನ್ನೋ ಷರತ್ತು ನಿಲ್ಲೋದು ಕಷ್ಟ.

ಸಮಯ ಮುಗಿಯಿತು ಅಂತ ಚೀಟಿ ಬಂತು, ಬೇಗ ಮುಗಿಸ್ತೀನಿ. ಬಾಡಿಗೆ ಕರಾರು ಒಂಬತ್ತು ವರ್ಷ, ಫ್ರಾಂಚೈಸಿ ಐದು ವರ್ಷ ಇದ್ದರೆ ಉಳಿದ ನಾಲ್ಕು ವರ್ಷದ ಬಾಡಿಗೆ ನಿಮ್ಮ ತಲೆ ಮೇಲೆ. ಆರ್ಬಿಟ್ರೇಶನ್ (ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ವ್ಯಾಜ್ಯ ತೀರಿಸೋದು) ದೆಹಲಿಯಲ್ಲೇ ಅಂತಿದ್ದರೆ ಬೆಂಗಳೂರಿಗೆ ಬದಲಿಸಲು ಕೇಳಿ; ಕೇಳೋದು ಸಹಿಗೆ ಮುಂಚೆ.