ಹಿಮ ನಿಂತ ಮರುದಿನ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗರು ಈಗ ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠದಂಥ ಕಡೆ ಚಾರಣಕ್ಕೆ ಹೊರಡುತ್ತಾರೆ. ಹೋಗಲಿ, ಬೇಡ ಅನ್ನಲು ನಾನು ಕೂತಿಲ್ಲ. ಆದರೆ ಎರೆ ನೆಲದವರು ನಾವು. ಮಳೆ ಹೊರಪು ಕೊಟ್ಟರೆ ಸಾಕು, ಹೊರಟುಬಿಡುತ್ತೇವೆ. ಹಿಮದ ಬೆಟ್ಟದಲ್ಲಿ ಈ ಲೆಕ್ಕ ತಲೆಕೆಳಗು. ಜೋರಾಗಿ ಹಿಮ ಸುರಿದು, ನಿಂತು, ಆಕಾಶ ತಿಳಿಯಾದ ಒಂದೆರಡು ದಿನವೇ ಹಿಮಕುಸಿತದ, ಅಂದರೆ ಹಿಮದ ರಾಶಿ ಒಮ್ಮೆಲೇ ಇಳಿಜಾರಿನಲ್ಲಿ ಜಾರಿ ಬರುವ ಅಪಾಯ ಜಾಸ್ತಿ. ಫೋಟೋಗೆ ಹೇಳಿ ಮಾಡಿಸಿದ ದಿನಗಳೂ ಅವೇ!

ಹಿಮ ಪದರ ಪದರವಾಗಿ ಕೂರುತ್ತದೆ. ಕೆಲವೊಮ್ಮೆ ಕೆಳಗಿನ ಪದರ ಒಂದಕ್ಕೊಂದು ಅಂಟದ ಹರಳಾಗಿಬಿಡುತ್ತದೆ. ಇಳಿಜಾರಿನಲ್ಲಿ ಜೋಳದ ಕಾಳು ಹರವಿ, ಮೇಲೊಂದು ಹಲಗೆ ಇಟ್ಟ ಹಾಗೆ. ಅದರ ಮೇಲೆ ಹೊಸ ಹಿಮದ ಭಾರ. ಆಮೇಲೆ ಒಬ್ಬರ ಹೆಜ್ಜೆ ಸಾಕು. ಕುಸಿತಕ್ಕೆ ಸಿಕ್ಕ ಚಾರಣಿಗರಲ್ಲಿ ಹೆಚ್ಚಿನವರಿಗೆ ಅದು ಶುರುವಾಗುವುದೇ ತಮ್ಮ, ಇಲ್ಲವೇ ಜೊತೆಗಾರರ ಕಾಲ ಕೆಳಗೆ. ಗಾಳಿಯೂ ಸುಮ್ನಿರುವುದಿಲ್ಲ. ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಹೊತ್ತು ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. 30ರಿಂದ 45 ಡಿಗ್ರಿ ಇಳಿಜಾರು ಕಂಡರೆ ಎಚ್ಚರ. ಕಾಲಿಟ್ಟಾಗ ಒಳಗಿಂದ ‘ಧುಮ್’ ಅಂದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಬಂದ ದಾರಿ ಹಿಡಿಯಿರಿ.

ದೇಶದ ರಕ್ಷಣಾ ಸಂಶೋಧನೆ ನೋಡಿಕೊಳ್ಳುವ ಡಿಆರ್‌ಡಿಒದ ಚಂಡೀಗಡದ ಸಂಸ್ಥೆಯೊಂದು ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅಪಾಯದ ಅಳತೆ 1ರಿಂದ 5. ‘3’ ಅಂದರೆ ನಡುವಿನದು, ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಯುರೋಪಿನ ಬೆಟ್ಟಗಳಲ್ಲಿ ಜಾಸ್ತಿ ಜನ ಸಾಯುವುದು ಆ ‘3’ರ ದಿನಗಳಲ್ಲೇ.

ಹೂತುಹೋದವರನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಇರುತ್ತದೆ. ಆಮೇಲೆ ಅದು ಭರಭರನೆ ಇಳಿಯುತ್ತದೆ. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿಯಿಂದ ಆರನೇ ದಿನ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ಜಿಲ್ಲೆ ಕಾದು ಕೂತಿದ್ದ ದಿನಗಳವು. ಅಂಥದ್ದು ತೀರಾ ಅಪರೂಪ, ಅದನ್ನು ನಂಬಿ ಯಾರೂ ಬೆಟ್ಟ ಹತ್ತುವಂತಿಲ್ಲ. ಹೆಲಿಕಾಪ್ಟರ್ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜೊತೆಗಿರುವವರೇ ಅಗೆದು ತೆಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಬಳಿಯೂ ಸಿಗ್ನಲ್ ಕೊಡುವ ಟ್ರಾನ್ಸೀವರ್, ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ, ಸಲಿಕೆ ಇರಬೇಕು.

ದುಡ್ಡು ಕಟ್ಟುವ ಮೊದಲೇ ಚಾರಣಕ್ಕೆ ಕರೆದೊಯ್ಯುವ ಕಂಪನಿಯವರನ್ನು ಈ ಮೂರರ ಬಗ್ಗೆ ಕೇಳಿ. ಇನ್ನೊಂದು ಮಾತು. ನಾಳೆಯೇ ವಾಪಸ್ ರೈಲು ಇದ್ದರೆ ಇವತ್ತೇ ಶಿಖರ ಮುಟ್ಟಬೇಕು ಅನ್ನುವ ಅವಸರ ಬರುತ್ತದೆ. ಟಿಕೆಟ್ ತೆಗೆಸುವಾಗಲೇ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ನಮಸ್ಕಾರ.