ಮಳೆಗೆ ಮುಂಚಿನ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳ ಸಂಜೆ ದಾವಣಗೆರೆಯಲ್ಲಿ ಮೋಡ ಕವಿದು, ಗುಡುಗಿ, ಧೂಳುಗಾಳಿ ಎದ್ದರೆ ನಾವು ಮೊದಲು ಓಡುವುದು ಮಹಡಿಗೆ. ಒಣಹಾಕಿದ ಬಟ್ಟೆ, ಮೆಣಸಿನಕಾಯಿ ಒಳಗೆ ತರಬೇಕು, ಅಲ್ವಾ? ಉಬ್ಬಸ ಇರುವವರು ಹೊರಗೆ ಬರಬಾರದ ಹೊತ್ತು ಅಂದ್ರೆ ಅದೇ.

2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇಂಥದೇ ಗಾಳಿ ಎದ್ದಿತು. ಸಾವಿರಾರು ಜನ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದರು. 10 ಜನ ತೀರಿಕೊಂಡರು. ಬಂದವರಲ್ಲಿ ಎಷ್ಟೋ ಜನಕ್ಕೆ ಮೊದಲು ಉಬ್ಬಸವೇ ಇರಲಿಲ್ಲ. ಸೀನು, ಸೋರುವ ಮೂಗು, ಕಣ್ಣುತುರಿಕೆ, ಅಷ್ಟೇ ಇದ್ದದ್ದು. ಹಾಗಾಗಿ 'ನನಗೆ ಬರೀ ಅಲರ್ಜಿ' ಅನ್ನುವವರೂ ಸ್ವಲ್ಪ ಕಿವಿಗೊಡಿ.

ಹುಲ್ಲಿನ ಪರಾಗದ ಕಣ ದಪ್ಪ. ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಸೀನಿದರೆ ಮುಗಿಯಿತು. ಗುಡುಗಿನ ಮೋಡ ಅದನ್ನು ಮೇಲಕ್ಕೆ ಎಳೆದುಕೊಂಡರೆ ತೇವ ಕುಡಿದು ಒಡೆಯುತ್ತದೆ, ಸಣ್ಣ ಸಣ್ಣ ಚೂರಾಗುತ್ತದೆ. ಮೋಡದಿಂದ ನುಗ್ಗಿ ಬರುವ ತಣ್ಣನೆ ಗಾಳಿ ಆ ಚೂರುಗಳನ್ನು ನೆಲಮಟ್ಟಕ್ಕೆ ತರುತ್ತದೆ. ಮೂಗಿಗೆ ಅವನ್ನು ತಡೆಯಲಾಗುವುದಿಲ್ಲ. ಸೀದಾ ಶ್ವಾಸಕೋಶಕ್ಕೆ ಹೋಗುತ್ತವೆ.

ಮೆಲ್ಬರ್ನ್‌ನಲ್ಲಿ ಕಾಟ ಕೊಟ್ಟದ್ದು ರೈ ಅನ್ನುವ ಹುಲ್ಲಿನ ಪರಾಗ. ನಮ್ಮ ಚಾನಲ್ ದಂಡೆ, ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಹುಲ್ಲಿದೆ. ಅದರ ಪರಾಗಕ್ಕೂ ಅಲರ್ಜಿ ಆಗುತ್ತದೆ. ಹೂ ಬಿಡುವ ಮೊದಲೇ ಕೀಳಿಸಿ. ಅಲರ್ಜಿ ಇರುವವರು ಮಾತ್ರ ಕೈ ಹಾಕಬೇಡಿ.

ಗಾಳಿ ಎದ್ದ ಕೂಡಲೇ ಕಿಟಕಿ ಮುಚ್ಚಿ, ಕೂಲರ್ ಆರಿಸಿ. ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ, ಇದನ್ನು ನಾವು ಮರೆತೇಬಿಡುತ್ತೇವೆ. ಬೈಕಿನಲ್ಲಿದ್ದರೆ ಯಾವುದಾದರೂ ಅಂಗಡಿಯೊಳಗೆ ಹೋಗಿ ನಿಲ್ಲಿ.

ಇನ್ನು ಉಬ್ಬಸದ ಪಂಪಿನ, ಅಂದ್ರೆ ಇನ್‌ಹೇಲರಿನ ವಿಷಯ. 'ಪಂಪು ಹಿಡಿದರೆ ಚಟ ಆಗುತ್ತೆ' ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಚಟ ಆಗುವುದಿಲ್ಲ. ದಿನಾ ತೆಗೆದುಕೊಳ್ಳಿ ಅಂತ ಡಾಕ್ಟರ್ ಕೊಟ್ಟ ಪಂಪನ್ನು, ಆರಾಮಾಗಿದ್ದೀನಿ ಅಂತ ಸುಮ್ನೆ ನಿಲ್ಲಿಸಿದರೆ ಶ್ವಾಸನಾಳದ ಊತ ಮತ್ತೆ ಶುರುವಾಗುತ್ತದೆ. ಅಂಥವರಿಗೇ ಗುಡುಗಿನ ದಿನ ಜಾಸ್ತಿ ತೊಂದರೆ. ಉಸಿರು ಕಟ್ಟಿದಾಗ ಬಳಸುವ ಸಾಲ್‌ಬುಟಮಾಲ್ ಪಂಪು ಜೇಬಿನಲ್ಲೇ ಇರಲಿ. ಸ್ಕೂಟರ್ ಡಿಕ್ಕಿಯಲ್ಲಿ ಬೇಡ, ನಮ್ಮ ಬಿಸಿಲಿಗೆ ಔಷಧಿ ಕೆಡುತ್ತದೆ.

ಉಸಿರು ಕಟ್ಟಿತು ಅನ್ನಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸಾಲ್‌ಬುಟಮಾಲ್ ಪಂಪಿಗೆ ಸ್ಪೇಸರ್, ಅಂದ್ರೆ ಪಂಪಿಗೆ ಸಿಕ್ಕಿಸುವ ದಪ್ಪ ಕೊಳವೆ, ಇದ್ದರೆ ಹಾಕಿ ಒಂದು ಸಲ ಒತ್ತಿ, 4 ಉಸಿರು ಎಳೆಯಲಿ. ಹೀಗೆ 4 ಸಲ. 4 ನಿಮಿಷ ನೋಡಿ. ಕಡಿಮೆ ಆಗದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಹಾಗೇ ಕೊಡುತ್ತಿರಿ. ಒಂದು ವಾಕ್ಯ ಪೂರ್ತಿ ಆಡಲಾಗುತ್ತಿಲ್ಲ, ತುಟಿ ನೀಲಿಗಟ್ಟಿದೆ ಅಂದ್ರೆ 4 ನಿಮಿಷ ಕಾಯಬೇಡಿ. ಒಬ್ಬರು ಪಂಪು ಕೊಡುತ್ತಿರಲಿ, ಇನ್ನೊಬ್ಬರು ಆಗಲೇ 108ಕ್ಕೆ ಫೋನ್ ಮಾಡಲಿ.

ನಮಸ್ಕಾರ.