ಅಪ್ಪನ ಮಳೆ ಲೆಕ್ಕ, ನನ್ನ ಮಂಡಲ ಪುಸ್ತಕ

ಹಿಂದೆ ಕೇಳಿಸುತ್ತಿದೆಯಲ್ವಾ, ಅದು ನಮ್ಮ ಮನೆಯ ಹೆಂಚಿನ ಮೇಲೆ ಬೀಳುತ್ತಿರುವ ಮಳೆ. ಈ ವಿಡಿಯೊ ಎಡಿಟ್ ಮಾಡುವಾಗ ಆ ಶಬ್ದ ತೆಗೆಯಲಿಲ್ಲ. ನನ್ನ ಮಂಡಲ ಪುಸ್ತಕ, ಅಂದರೆ ವೃತ್ತದೊಳಗೆ ಸುತ್ತು ಸುತ್ತಾಗಿ ಬಿಡಿಸಿದ ಚಿತ್ರಗಳ ಪುಸ್ತಕ, ಶುರುವಾಗಿದ್ದೇ ಅದರಿಂದ.

ನಮ್ಮ ಮನೆ ಇರುವುದು ಕೊಡಗಿನ ಮಾದಾಪುರದ ಹತ್ತಿರ, ಕಾಫಿ ತೋಟದ ನಡುವೆ. 2018ರವರೆಗೂ ಮಳೆಗಾಲ ಅಂದರೆ ನನಗೆ ಬೆಚ್ಚಗೆ ಹೊದ್ದು ಮಲಗುವ ಕಾಲ. ಆ ವರ್ಷ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ನಮ್ಮ ಸುತ್ತಮುತ್ತ ಎಷ್ಟೋ ಕಡೆ ಗುಡ್ಡ ಜರಿಯಿತು. ನಮ್ಮ ಮನೆ ಉಳಿಯಿತು. ಆದರೂ 11 ದಿನ ಕುಶಾಲನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆವು. ವಾಪಸ್ ಬಂದ ಮೇಲೆ, ರಾತ್ರಿ ಮಳೆ ಜೋರಾದರೆ ಸಾಕು, ಎದ್ದು ಕೂರುತ್ತಿದ್ದೆ. ಮಣ್ಣು ಜಾರುವ ಸದ್ದೇನಾದರೂ ಬರುತ್ತಾ ಅಂತ ಕಿವಿಗೊಟ್ಟುಕೊಂಡು, ಬೆಳಕು ಹರಿಯುವವರೆಗೂ.

2021ರ ಜುಲೈನಲ್ಲಿ ಅಂಥದ್ದೇ ಒಂದು ರಾತ್ರಿ. ಕರೆಂಟ್ ಇರಲಿಲ್ಲ. ಅಣ್ಣನ ಮಗಳ ಜಾಮಿಟ್ರಿ ಬಾಕ್ಸ್ ಊಟದ ಮೇಜಿನ ಮೇಲೇ ಬಿದ್ದಿತ್ತು. ಸುಮ್ನೆ ಕೈವಾರ ತೆಗೆದುಕೊಂಡು ಒಂದು ವೃತ್ತ ಎಳೆದೆ. ಕೈವಾರದ ಅಗಲ ಬದಲಿಸದೆ, ಮುಳ್ಳನ್ನು ಆ ಗೆರೆಯ ಮೇಲೇ ಊರಿ ಒಂದು ಕಮಾನು. ಕಮಾನು ವೃತ್ತವನ್ನು ಮುಟ್ಟಿದ ಕಡೆ ಮತ್ತೆ ಮುಳ್ಳು, ಮತ್ತೆ ಕಮಾನು. ಹೀಗೆ ಆರು ಸಲ ಮಾಡಿದರೆ ಹೊರಟ ಜಾಗಕ್ಕೇ ಬಂದು ಸೇರುತ್ತೀರಿ. ಒಳಗೆ ಆರು ಎಸಳಿನ ಹೂವು ತಾನಾಗಿಯೇ ಮೂಡಿರುತ್ತದೆ. ಸ್ಕೂಲಿನಲ್ಲಿ ನಾವೆಲ್ಲ ಬಿಡಿಸಿದ್ದೇ. ಆದರೆ ಆ ರಾತ್ರಿ ಕೊನೆಯ ಕಮಾನು ಮೊದಲ ಚುಕ್ಕಿಯನ್ನು ಕೂಡಿಕೊಂಡಾಗ, ನಾನು ಉಸಿರು ಬಿಟ್ಟಿದ್ದು ನನಗೇ ಕೇಳಿಸಿತು. ಆಮೇಲೆ ಎಸಳಿನೊಳಗೆ ಎಸಳು, ಅದರೊಳಗೆ ಸಣ್ಣ ಗೆರೆಗಳು. ತಲೆ ಎತ್ತಿ ನೋಡಿದರೆ ಎರಡೂವರೆ ಗಂಟೆ. ಮಳೆ ಹಾಗೇ ಸುರಿಯುತ್ತಿತ್ತು. ನನ್ನ ಕಿವಿ ಮಾತ್ರ ಅತ್ತ ಇರಲಿಲ್ಲ.

ಈಗ ನೀವು ನೋಡುತ್ತಿರುವುದು 5ನೇ ಪುಸ್ತಕ. ಮೊದಲು ಪೆನ್ಸಿಲ್‌ನಲ್ಲಿ ಒಂದೊಂದು ಸೆಂಟಿಮೀಟರ್ ಬಿಟ್ಟು ವೃತ್ತಗಳು. ಆಮೇಲೆ 30 ಡಿಗ್ರಿಗೆ ಒಂದರಂತೆ 12 ಭಾಗ. ಮಧ್ಯದಿಂದ ಹೊರಗೆ ಹೋಗುತ್ತೇನೆ. ಒಂದು ಸುತ್ತಿಗೆ ಒಂದೇ ಆಕಾರ. ಈ ಸುತ್ತು ಕಾಫಿ ಹೂವು, ಅದರಾಚೆ ಜರಿಗಿಡದ ಸುರುಳಿ, ಹೊರಗಿನದು ಕಾಳುಮೆಣಸಿನ ಮಣಿಗಳು. ಒಂದು ಎಸಳು ದಪ್ಪವಾಗಿಬಿಟ್ಟರೆ ಅಳಿಸುವುದಿಲ್ಲ, ಉಳಿದ ಹನ್ನೊಂದನ್ನೂ ಅಷ್ಟೇ ದಪ್ಪ ಮಾಡುತ್ತೇನೆ. ಅಮ್ಮ ನೋಡಿ, "ಇದು ನಮ್ಮ ರಂಗೋಲಿ ಥರಾನೇ ಅಲ್ವಾ" ಅಂದರು. ಹೌದು, ಮಳೆಗೆ ಕೊಚ್ಚಿಹೋಗದ ರಂಗೋಲಿ.

ನಮ್ಮ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ಕಾಗದ ಯಾವ ಲೆಕ್ಕ! ತೆಳು ಹಾಳೆ ತೇವಕ್ಕೆ ಮೆತ್ತಗಾಗಿ ಕೈವಾರದ ಮುಳ್ಳಿಗೇ ಹರಿದುಹೋಗುತ್ತದೆ. 200 ಜಿಎಸ್‌ಎಂ (ಒಂದು ಚದರ ಮೀಟರಿಗೆ 200 ಗ್ರಾಂ ತೂಗುವ) ದಪ್ಪ ಹಾಳೆ ತೆಗೆದುಕೊಳ್ಳಿ. ಜೆಲ್ ಪೆನ್ ಬೇಗ ಒಣಗುವುದಿಲ್ಲ, ಕೈ ತಾಗಿದರೆ ಮುಗಿಯಿತು. ನೀರಿಗೆ ಹರಡದ ಇಂಕಿನ, 0.3 ಮಿ.ಮೀ. ತುದಿಯ ಪೆನ್ ಸಾಕು. ನನ್ನ ಪುಸ್ತಕ ಇರುವುದು ಬಿಸ್ಕೆಟ್ ಡಬ್ಬಿಯಲ್ಲಿ, ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಅಕ್ಕಿ.

ಇದರಿಂದ ಮನಸ್ಸು ಯಾಕೆ ಹಗುರಾಗುತ್ತದೆ ಅಂತ ನಾನೂ ಹುಡುಕಿ ಓದಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1918–19ರಲ್ಲಿ, ಯುದ್ಧಕೈದಿಗಳ ಶಿಬಿರವೊಂದರಲ್ಲಿ ಸೇನೆಯ ಕೆಲಸದಲ್ಲಿದ್ದಾಗ, ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಸಣ್ಣ ವೃತ್ತಾಕಾರದ ಚಿತ್ರ, ಅಂದರೆ ಮಂಡಲ, ಬರೆಯುತ್ತಿದ್ದರಂತೆ. ಆ ದಿನ ತಮ್ಮ ಮನಸ್ಸು ಹೇಗಿದೆ ಅನ್ನುವುದು ಅದರಲ್ಲಿ ಕಾಣುತ್ತಿತ್ತಂತೆ. 2005ರಲ್ಲಿ ಅಮೆರಿಕದಲ್ಲಿ 84 ಕಾಲೇಜು ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ನಡೆಯಿತು. ಕೆಲವರಿಗೆ ಬಣ್ಣ ತುಂಬಲು ಮಂಡಲ, ಕೆಲವರಿಗೆ ಚೌಕಳಿ ವಿನ್ಯಾಸ, ಉಳಿದವರಿಗೆ ಖಾಲಿ ಹಾಳೆ. ಮಂಡಲ, ಚೌಕಳಿ ಎರಡರಲ್ಲೂ ಆತಂಕ ಹೆಚ್ಚು ಇಳಿಯಿತು. ಖಾಲಿ ಹಾಳೆಯಲ್ಲಿ ಅಷ್ಟು ಇಳಿಯಲಿಲ್ಲ. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹೆದರಿದ ರಾತ್ರಿ ಖಾಲಿ ಹಾಳೆ ಕೊಟ್ಟರೆ ನಾನು ಗುಡ್ಡವನ್ನೇ ಬರೆಯುತ್ತೇನೆ. ಮಂಡಲದಲ್ಲಿ ಮುಂದಿನ ಗೆರೆ ಎಲ್ಲಿ ಅನ್ನುವುದು ಆಗಲೇ ಗೊತ್ತಿರುತ್ತದೆ.

ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ, ಟಿಬೆಟಿಯನ್ನರ ನೆಲೆ. ಅಲ್ಲಿನ ನಾಮ್‌ಡ್ರೋಲಿಂಗ್ ಬೌದ್ಧ ಮಠಕ್ಕೆ ನಾವೆಲ್ಲ ಹೋಗಿರುತ್ತೇವೆ. ಟಿಬೆಟಿನ ಭಿಕ್ಷುಗಳು ಬಣ್ಣದ ಮರಳಿನಲ್ಲಿ ಮಂಡಲ ಮಾಡುತ್ತಾರೆ. ಉದ್ದನೆಯ ಲೋಹದ ಕೊಳವೆಯನ್ನು ಮೆಲ್ಲಗೆ ಉಜ್ಜುತ್ತಾ ಮರಳನ್ನು ಕಾಳುಕಾಳಾಗಿ ಉದುರಿಸುತ್ತಾರೆ. ದಿನಗಟ್ಟಲೆ ಕೂತು ಮಾಡಿದ್ದನ್ನು ಕೊನೆಗೆ ಗುಡಿಸಿ, ಹರಿಯುವ ನೀರಿಗೆ ಬಿಡುತ್ತಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ನನ್ನಿಂದ ಅದು ಆಗುವುದಿಲ್ಲ. ಕಳೆದುಕೊಂಡಿದ್ದನ್ನು ಹತ್ತಿರದಿಂದ ನೋಡಿದವಳು ನಾನು. ನನಗೆ ಪುಟಗಳು ಉಳಿಯಬೇಕು.

ಪ್ರತಿ ಪುಟದ ಕೆಳಗೆ ಒಂದು ಅಂಕಿ ಕಾಣುತ್ತಿದೆಯಾ? ಅದು ಮಳೆ ಲೆಕ್ಕ. ನಮ್ಮಲ್ಲಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಇದನ್ನು ಬರೆದಿಡುತ್ತಾರೆ, ಇಂಚು ಮತ್ತು ಸೆಂಟಿನಲ್ಲಿ. 100 ಸೆಂಟ್ ಅಂದರೆ ಒಂದು ಇಂಚು. ಅಪ್ಪ ದಿನಾ ಬೆಳಿಗ್ಗೆ 8 ಗಂಟೆಗೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಅವರ 2018ರ ಡೈರಿಯಲ್ಲಿ ನಾವು ಮನೆ ಬಿಟ್ಟಿದ್ದ ಆ 11 ದಿನ ಖಾಲಿ ಇವೆ. ಒಂದು ಸಲ ಆ ಪುಟ ತೆಗೆದು ನನಗೆ ತೋರಿಸಿದರು, ಏನೂ ಹೇಳಲಿಲ್ಲ. ಮಾರನೇ ದಿನದಿಂದ ಅಳೆದ ತಕ್ಷಣ ನನಗೂ ಕೂಗಿ ಹೇಳುತ್ತಾರೆ.

ನಿನ್ನೆ ರಾತ್ರಿಯ ಮಂಡಲ ಇದು. ಅಂಕಿಯ ಜಾಗ ಇನ್ನೂ ಖಾಲಿ ಇದೆ. ಅಪ್ಪ ಛತ್ರಿ ಹಿಡಿದು ಅಂಗಳಕ್ಕೆ ಇಳಿದರು ನೋಡಿ.

"ಮೂರು ಇಂಚು ಇಪ್ಪತ್ತು ಸೆಂಟ್. ಬರ್ಕೋ ಪುಟ್ಟಿ."